ತಿರಕಪ್ಪನ ಸುಗ್ಗಿ

ಗೋದಿ ಹಣ್ಣಾಗಿ ನಿಂತಿತ್ತು. ಕೊಯ್ಯುವ ಯಂತ್ರ ಬದುವಿಗೆ ಬಂದು ಬಾಯಿ ತೆರೆದಿತ್ತು. ತಿರಕಪ್ಪ ಉಸಿರು ಬಿಗಿಹಿಡಿದು ಬೆರಳೊತ್ತಿದ. ಮೊದಲು ಆಕಾಶ ಹಸಿರಾಯಿತು. ಆಮೇಲೆ ಗೋದಿಯ ಮೇಲೆಲ್ಲ ಬೆಟಗೇರಿ ಸೀರೆಯ ಚೌಕಡಿ ಮೂಡಿತು. ಕೊನೆಗೆ ಹೊಲ, ಯಂತ್ರ, ಆಕಾಶ ಎಲ್ಲ ಒಮ್ಮೆಲೇ ಕಪ್ಪಾಗಿ, ಪರದೆಯಲ್ಲಿ ಉಳಿದದ್ದು ತಿರಕಪ್ಪನ ಬಿಳಿ ಮೀಸೆಯ ನೆರಳೊಂದೇ.

"ಹೋತು," ಎಂದ. "ಈ ಸಲಾನೂ ಪೀಕು ಕೈಗೆ ಬರಲಿಲ್ಲ."

ಆ ಹೊಲ ಕುರ್ತಕೋಟಿಯ ಸೀಮೆಯಲ್ಲಿ ಇರಲಿಲ್ಲ. ಸೊಸೆ ವಿದ್ಯಾಶ್ರೀಯ ಕಂಪ್ಯೂಟರಿನೊಳಗಿತ್ತು. ಲಕ್ಷ್ಮೇಶ್ವರದ ಅವಳ ತಮ್ಮ ಆಟಕ್ಕೆಂದು ಜೋಡಿಸಿದ್ದ ಪೆಟ್ಟಿಗೆ ಅದು. ಅವನಿಗೆ ಬೇಸರವಾದ ಮೇಲೆ ಅಕ್ಕನಿಗೆ ಬಂದಿತ್ತು. ಹಗಲೆಲ್ಲ ಅವಳು ಊರವರ ಅರ್ಜಿ ಟೈಪು ಮಾಡುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಮಾವ ಅದೇ ಕುರ್ಚಿಯಲ್ಲಿ ಕುಳಿತು ಟ್ರ್ಯಾಕ್ಟರ್ ಆಟದಲ್ಲಿ ಉಳುತ್ತಿದ್ದ, ಬಿತ್ತುತ್ತಿದ್ದ.

ಮೊಣಕಾಲು ಕೈಕೊಟ್ಟ ಮೇಲೆ ಅವನ ಖರೆ ಹೊಲ ಮಗ ಹೊನ್ನೇಶನ ಪಾಲಾಗಿತ್ತು. ಮಗ ಒಳ್ಳೆಯವನೇ. ಆದರೆ ಯಾವ ಮಳೆಗೆ ಬಿತ್ತಬೇಕು ಎಂದು ಅಪ್ಪನನ್ನು ಕೇಳುವುದನ್ನು ಯಾವತ್ತೋ ಬಿಟ್ಟಿದ್ದ. ಈ ಪೆಟ್ಟಿಗೆಯ ಹೊಲವಾದರೋ ಹೇಳಿದಂತೆ ಕೇಳುತ್ತಿತ್ತು. ಒಂದೇ ಒಂದು ಸಲ ಪೀಕು ತನ್ನ ಕೈಯಿಂದ ಕೊಯ್ದು ರಾಶಿ ಮಾಡಬೇಕು, ಅಷ್ಟೇ ಅವನ ಆಸೆ. ಅದೊಂದು ಮಾತ್ರ ಆಗುತ್ತಿರಲಿಲ್ಲ.

ಅದೆಲ್ಲಕ್ಕಿಂತ ಅವನನ್ನು ಕರಗಿಸಿದ್ದು ಹೆಂಡತಿ ಫಕ್ಕೀರವ್ವ. ಬೀಡಿ ಸೇದಿದರೆ ಬೈಯುವ, ಕಟ್ಟೆಗೆ ಕುಳಿತರೆ ಬೈಯುವ ಈ ಹೆಂಗಸು, ಚಳಿಗಾಲ ಹಿಡಿದಾಗಿನಿಂದ ದಿನಾ ಸಂಜೆ ತಾನೇ ಬಂದು ಕೇಳುತ್ತಿದ್ದಳು: "ಹೊತ್ತು ಮುಣುಗ್ತು. ಹೊಲಕ್ಕ ಹೋಗೂದಿಲ್ಲೇನು?" ನಲವತ್ತು ವರ್ಷದ ಸಂಸಾರದಲ್ಲಿ ಈಗಾದರೂ ತನ್ನ ಮನಸ್ಸು ಇವಳಿಗೆ ತಿಳಿಯಿತಲ್ಲ ಎಂದುಕೊಂಡಿದ್ದ ತಿರಕಪ್ಪ.

ಅವತ್ತು ಪರದೆ ಕಪ್ಪಾದ ಸುದ್ದಿ ಕೇಳಿ ಮೊದಲು ಬಂದವನು ಪಕ್ಕದ ಮನೆಯ ಹನಮಪ್ಪ.

"ಎರಡು ಏಟು ಹಾಕ್ಬೇಕ್ಲೇ. ನಮ್ಮನಿ ಟಿವಿ ಹಿಂಗs ಮಾಡ್ತಿತ್ತು. ಎರಡು ಹಾಕ್ದೆ ನೋಡು, ಅವತ್ತಿಂದ ಸುಮ್ಮನೈತಿ."

"ನಡೀತೈತೇನು ಮತ್ತ?"

"ಇಲ್ಲೋ ಮಾರಾಯ. ಸುಮ್ಮನೈತಿ."

ಹೊಲಕ್ಕೆ ದೃಷ್ಟಿಯಾಗಿದೆ ಎಂದು ಹನಮಪ್ಪ ಪರದೆಗೆ ನಿಂಬೆಹಣ್ಣು ನಿವಾಳಿಸಿದ. ವಿದ್ಯಾಶ್ರೀ ತಮ್ಮನಿಗೆ ಫೋನು ಹಚ್ಚಿ, ಅವನು ಹೇಳಿದಂತೆ ಏನೇನೋ ಅಳಿಸಿ ಮತ್ತೆ ಹಾಕಿದಳು. ಚಿತ್ರದ ನಯ ಕಡಿಮೆ ಮಾಡಿದಳು. ಗೋದಿ ತೆನೆಗಳು ಕಸಬರಿಗೆಯ ಹಾಗೆ ಕಂಡವು. ಕಸಬರಿಗೆಯಾದರೂ ಸರಿ ಎಂದು ತಿರಕಪ್ಪ ಕೊಯ್ಯಲು ಇಳಿದ. ಮತ್ತೆ ಚೌಕಡಿ, ಮತ್ತೆ ಕತ್ತಲೆ.

ಇತ್ತ ಅಡುಗೆಮನೆಯಲ್ಲಿ ಎದುರುಮನೆ ಅನ್ನಪೂರ್ಣವ್ವ ಹೆಪ್ಪು ಕೇಳಲು ಬಂದಿದ್ದಳು. "ಈ ಥಂಡ್ಯಾಗ ನಮ್ಮನಿ ಹಾಲು ಎಷ್ಟು ಹೊತ್ತಿಟ್ರೂ ಹಾಲs. ನಿನ್ನ ಮೊಸರು ನೋಡಿದ್ರ ಚಾಕೂಲೆ ಕೊಯ್ಯೂಹಂಗ ಐತಿ. ಏನ್ ಕೈಗುಣಾನs ಯವ್ವಾ ನಿಂದು! ನಾಡಿದ್ದು ಎಳ್ಳಮಾಸಿ, ಹೊಲಕ್ಕ ಹೋಗಿ ಚರಗಾ ಚೆಲ್ಲಿ ಉಣ್ಣೂ ದಿನ. ಚರಗದ ಬುತ್ತಿಗೆ ಇಡೀ ಓಣಿ ಮೊಸರು ನೀನs ಕಟ್ಟಿಕೊಡು. ನಾಳಿ ಹಾಲು ತಂದಿಡ್ತೀವಿ."

"ಎಲ್ಲಾ ದೇವರ ಕೈಗುಣ ತಗೋ," ಎಂದು ಫಕ್ಕೀರವ್ವ ಸೆರಗು ಸರಿಮಾಡಿಕೊಂಡಳು.

ಮರುದಿನ ಬೆಳಿಗ್ಗೆ ತಿರಕಪ್ಪ ಪೆಟ್ಟಿಗೆಯನ್ನು ಧೋತರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಗದಗಿನ ಬಸ್ಸು ಹತ್ತಿದ. ಪಕ್ಕದಲ್ಲಿ ಕುಳಿತ ಮುದುಕಿ ಬಗ್ಗಿ ನೋಡಿ, "ಕೂಸಿಗೆ ಆರಾಮಿಲ್ಲೇನ್ರಿ?" ಅಂದಳು.

"ಹೂಂ ಬೇ. ಸಂಜಿ ಆದ್ರ ಮೈ ಭಾಳ ಸುಡ್ತೈತಿ."

ಗದಗಿನಲ್ಲಿ ರಿಪೇರಿ ಅಂಗಡಿಯ ಹುಡುಗ ತಾರೀಖ ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಆಟ ಹಚ್ಚಿ ಬಿಟ್ಟ. ಆಟ ನಡೆಯಿತು. ಮಧ್ಯಾಹ್ನವಾದರೂ ನಡೆಯಿತು.

"ಕಾಕಾ, ಎತ್ತಿನಂಗ ದುಡ್ಯಾಕ ಹತ್ತೈತಿ ನೋಡ್ರಿ."

"ಇಲ್ಲಿ ದುಡಿಯೂದು ನಮ್ಮ ಮನ್ಯಾಗ ಯಾಕ ಮಲಗ್ತೈತಿ?"

ತಾರೀಖ ಒಳಗಿನಿಂದ ಒಂದು ಹಲಗೆಯನ್ನು ತೆಗೆದು ತೋರಿಸಿದ. ಅದರ ಒಂದು ಮೂಲೆ ಹಂಚಿನ ಮೇಲೆ ಮರೆತ ರೊಟ್ಟಿಯಂತೆ ಕಂದಿತ್ತು. "ಪರದೆ ಮ್ಯಾಲೆ ಚಿತ್ರ ಬಿಡ್ಸೂದು ಈ ಕಾರ್ಡ್ ರಿ. ಕಾವು ತಿಂದು ತಿಂದು ಹಣ್ಣಾಗೇತಿ. ಪೆಟಗಿ ಹಿಂದ ಗಾಳಿ ಆಡವಲ್ದು. ಗ್ವಾಡಿ ಮೂಲಿ ಬಿಟ್ಟು ಕಿಟಕಿ ಹಂತೇಲಿ ಇಡ್ರಿ. ಇನ್ನೊಮ್ಮೆ ಕುದೀತು ಅಂದ್ರ ಮತ್ತ ಏಳೂದಿಲ್ಲ ಇದು."

ತಿರಕಪ್ಪ ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಫಕ್ಕೀರವ್ವ ನಾಳೆಯ ರೊಟ್ಟಿ ಬಡಿಯಲು ಅನ್ನಪೂರ್ಣವ್ವನ ಮನೆಗೆ ಹೋಗಿದ್ದಳು. ಮಾವ ಸೊಸೆ ಕೂಡಿ ಮೇಜನ್ನು ಮೂಲೆಯಿಂದ ಎಳೆದು ಕಿಟಕಿಯ ಹತ್ತಿರ ಇಟ್ಟರು. ಮೂಲೆಯಲ್ಲಿ ಕೌದಿ ಹೊದಿಸಿದ ಗಂಟೊಂದು ಇತ್ತು. ಹಾಸಿಗೆ ಇರಬೇಕು ಎಂದು ಅದರ ಗೊಡವೆಗೆ ಯಾರೂ ಹೋಗಲಿಲ್ಲ.

ಓಣಿಯ ಗಂಡಸರೆಲ್ಲ ಬಂದು ಕೂತರು. ಯಂತ್ರ ಹೊಲಕ್ಕಿಳಿಯಿತು.

"ಎಡಕ್ಕ ಹಿಡೀಲೇ, ಎಡಕ್ಕ! ಮಂದಿ ಬದು ಒತ್ತಾಕ ಹತ್ತೀದಿ!" ಎಂದು ಹನಮಪ್ಪ ಕೂಗಿದ.

ಆಕಾಶ ನೀಲಿಯಾಗಿಯೇ ಉಳಿಯಿತು. ಒಂದು ಸಾಲು ಬಿದ್ದಿತು, ಮತ್ತೊಂದು ಬಿದ್ದಿತು. ಕೊನೆಗೆ ಗೋದಿ ಬಂಗಾರದ ಧಾರೆಯಾಗಿ ಗಾಡಿಗೆ ಸುರಿಯತೊಡಗಿತು. ತಿರಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅಲ್ಲಿ ಧೂಳು ಇರಲಿಲ್ಲ, ಆದರೂ ಕಣ್ಣಿಗೆ ಏನೋ ಬಿದ್ದಂತಾಗಿತ್ತು.

ಫಕ್ಕೀರವ್ವ ದಣಿದು ಬಂದು, ದೀಪ ಆರಿಸಿದ ಪಡಸಾಲೆ ದಾಟಿ ಒಳಗೆ ಅಡ್ಡಾದಳು. "ಪೀಕು ಬಂತು," ಎಂದ ತಿರಕಪ್ಪ. "ಛಲೋ ಆತು," ಎಂದು ಅವಳು ಆ ಕಡೆ ಹೊರಳಿದಳು.

ಎಳ್ಳಮಾಸಿಯ ಬೆಳಿಗ್ಗೆ ಅವನಿಗೆ ಎಚ್ಚರವಾದದ್ದು ಹೆಂಡತಿಯ ಉದ್ಗಾರದಿಂದ. ಮೂಲೆಯಲ್ಲಿ ಕೌದಿ ಸರಿದಿತ್ತು. ಕೆಳಗೆ ಸಾಲಾಗಿ ಗಡಿಗೆಗಳು. ಒಂದೊಂದರಲ್ಲೂ ಹಾಲು ಹಾಲಾಗಿಯೇ ಕುಲುಕುತ್ತಿತ್ತು. ಫಕ್ಕೀರವ್ವ ಖಾಲಿ ಮೂಲೆ ನೋಡಿದಳು, ಕಿಟಕಿಯ ಹತ್ತಿರದ ಪೆಟ್ಟಿಗೆ ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

"ಇದನ್ನ ಇಲ್ಲಿಂದ ಎಬ್ಬಿಸಿದವ್ರು ಯಾರು?"

"ನಾನs. ಹಿಂದ ಗಾಳಿ ಆಡಬೇಕಂತ."

"ಗಾಳಿ ಆಡಿದ್ರ ಮೊಸರು ಹ್ಯಾಂಗ ಆಗಬೇಕು? ಥಂಡಿ ಹಿಡದಾಗಿಂದ ಅದರ ಬೆನ್ನಿಗೆ ಹಚ್ಚಿ ಕೌದಿ ಹೊಚ್ಚಿ ಇಡಾಕ ಹತ್ತೇನಿ ನಾನು. ವಿದ್ಯಾ ಟೈಪು ಮಾಡಿದ್ರ ಬರೇ ಉಗುರುಬೆಚ್ಚಗ. ನೀವು ಹೊಲಕ್ಕ ಇಳದ್ರ ನೋಡ್ರಿ, ಒಲಿ ಇದ್ದಂಗ."

ತಿರಕಪ್ಪ ಬಗ್ಗಿ ಒಂದು ಗಡಿಗೆ ಮುಟ್ಟಿ ನೋಡಿದ. "ಅಂದ್ರ… ದಿನಾ ಸಂಜಿಕೆ ಹೊಲಕ್ಕ ಹೋಗ್ರಿ ಅಂತಿದ್ದೆಲ್ಲ, ಅದು…"

"ಮತ್ಯಾಕ ಅನ್ಲಿ?"

ಹೊರಗೆ ಅನ್ನಪೂರ್ಣವ್ವನ ದನಿ ಕೇಳಿಸಿತು: "ಫಕ್ಕೀರವ್ವಾ, ಮೊಸರು ಒಯ್ಯಾಕ ಬರ್ಲೇನು?"

"ಇನ್ನs ಕಟ್ಟಾಕ ಹತ್ತೈತಿ! ಮಧ್ಯಾಹ್ನ ಬಾ!" ಎಂದು ಕೂಗಿ, ಫಕ್ಕೀರವ್ವ ದನಿ ತಗ್ಗಿಸಿದಳು. "ಇಡೀ ಓಣಿ ಬುತ್ತಿ ಐತಿ. ನನ್ನ ಮಾನ ಹೋಗ್ತೈತ್ರಿ." ಅವಳ ಕಣ್ಣಲ್ಲಿ ನೀರಾಡಿತು. ಬೈಗುಳವನ್ನು ತಿರಕಪ್ಪ ತಡೆದುಕೊಳ್ಳಬಲ್ಲ. ಇದನ್ನಲ್ಲ.

ಅವನೇ ಮೇಜನ್ನು ಮೂಲೆಗೆ ತಳ್ಳಿದ. ಗಡಿಗೆಗಳನ್ನು ಪೆಟ್ಟಿಗೆಯ ಬೆನ್ನಿಗೆ ತಾನೇ ಒತ್ತಿ ಇಟ್ಟ. ಅವಳು ಒಂದರ ಮೇಲೊಂದು ಕೌದಿ ಹೊದಿಸಿದಳು. ತಿರಕಪ್ಪ ಕುರ್ಚಿಯಲ್ಲಿ ಕುಳಿತು ನೇಗಿಲು ಹೂಡಿದ.

ಊರೆಲ್ಲ ಬುತ್ತಿ ಕಟ್ಟುತ್ತಿತ್ತು. ಹೊನ್ನೇಶ ಬಾಗಿಲಿಗೆ ಬಂದು, "ಅಪ್ಪಾ, ವರ್ಷಕ್ಕೊಮ್ಮೆ ಹೊಲಕ್ಕ ಹೋಗೂ ದಿನಾನೂ ಇದs ಆತೇನು?" ಎಂದು ಬೇಸರದಿಂದ ಹೋದ. ಹನಮಪ್ಪ ಕಿಟಕಿಯಲ್ಲಿ ಇಣುಕಿ, "ಮುದುಕಗ ಹುಚ್ಚು ಹಿಡೀತು," ಎಂದು ಓಣಿಗೆಲ್ಲ ಹೇಳಿದ. ತಿರಕಪ್ಪ ಉತ್ತ, ಬಿತ್ತಿದ, ನೀರು ಹಾಯಿಸಿದ. ಗೋದಿ ಹಣ್ಣಾಯಿತು. ಕೊಯ್ಲಿಗೆ ಇಳಿದ.

ಆಕಾಶ ಹಸಿರಾಯಿತು. ಚೌಕಡಿ ಮೂಡಿತು. ಪೆಟ್ಟಿಗೆಯೊಳಗೆ ಹಪ್ಪಳ ಮುರಿದಂಥ ಸದ್ದಾಗಿ, ಸುಟ್ಟ ವಾಸನೆ ಬಂತು. ಎಷ್ಟು ಒತ್ತಿದರೂ ಮತ್ತೆ ಬೆಳಕು ಬರಲಿಲ್ಲ.

ಅವನು ಎದ್ದು ಕೌದಿ ಎತ್ತಿ ನೋಡಿದ. ಮೊಸರು ಗಡ್ಡೆ ಕಟ್ಟಿತ್ತು.

ಹೊಲಕ್ಕೆ ಹೊರಟ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಓಣಿಯ ಹೆಂಗಸರೆಲ್ಲ ತುಂಬಿದ್ದರು. ತಿರಕಪ್ಪ ಹೇಗೋ ಹತ್ತಿ, ಗಡಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಅದು ಇನ್ನೂ ಬೆಚ್ಚಗಿತ್ತು.

ಅನ್ನಪೂರ್ಣವ್ವ ಬೆರಳದ್ದಿ ನೆಕ್ಕಿದಳು. "ಏನ್ ಕೈಗುಣಾನs ಯವ್ವಾ! ತಿರಕಪ್ಪಣ್ಣ, ಪುಣ್ಯಾ ಮಾಡೀರಿ ನೀವು."

"ಖರೆ ಐತಿ," ಎಂದ ತಿರಕಪ್ಪ. "ಆಕಿ ಕೈ ಭಾಳ ಕಾವು."

ಟ್ರ್ಯಾಕ್ಟರ್ ಎರೆಹೊಲದ ದಾರಿ ಹಿಡಿಯಿತು. ಸದ್ದಿನಲ್ಲಿ ಯಾರಿಗೂ ಕೇಳದಂತೆ ಫಕ್ಕೀರವ್ವ ಗಂಡನ ಕಿವಿಗೆ ಬಾಗಿದಳು. ಸಮಾಧಾನ ಹೇಳುತ್ತಾಳೆಂದು ಅವನ ಎದೆ ಮೆತ್ತಗಾಯಿತು.

"ನಾಳೆ ಗದಗಕ್ಕ ಹೋಗಿ ಆ ಸುಟ್ಟದ್ದು ತಗಸಿ ಹೊಸಾದು ಹಾಕಿಸ್ಕೊಂಡು ಬರ್ರಿ," ಎಂದಳು. "ಇದಕ್ಕಿಂತ ಬಿಸಿ ಆಗೂದು ನೋಡಿ ತರ್ರಿ."