ಆಡಿಟರು ನಕ್ಷತ್ರ ಎಣಿಸಿದ್ದು

ಮುಳಬಾಗಿಲಿನ ಆಡಿಟರ್ ಶ್ರೀರಾಮ್ ಅವರಿಗೆ ಹೆಂಡತಿಯ ತವರಿನ ಮೇಲೆ ಒಂದು ಹಳೆಯ ದೂರಿತ್ತು: ಆ ಪುರೋಹಿತರ ಮನೆಯಲ್ಲಿ ಎಲ್ಲರಿಗೂ ನಕ್ಷತ್ರ ಗೊತ್ತು, ಲೆಕ್ಕ ಮಾತ್ರ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಮಗಳು ಸೌಪರ್ಣಿಕಾಳಿಗೆ ಶ್ರೀನಿವಾಸಪುರದ ವಂಶಿಕೃಷ್ಣನ ಸಂಬಂಧ ಬಂದಾಗ, ಜಾತಕ ನೋಡುವ ಮಹಾಕಾರ್ಯವನ್ನು ತಾವೇ ಹೊತ್ತುಕೊಂಡರು. (ಹುಡುಗ ಹುಡುಗಿ ಆಗಲೇ ಒಪ್ಪಿಯಾಗಿತ್ತು. ಇಬ್ಬರ ಫೋನಿಗೂ ಬಿಡುವಿರಲಿಲ್ಲ.)

ಮಗಳು ಹುಟ್ಟಿದ ವೇಳೆಯನ್ನು ಮೊಬೈಲಿನಲ್ಲಿ ಒತ್ತಿದರು. ಚಂದ್ರ ಮೇಷದಲ್ಲಿ 13.25 ಡಿಗ್ರಿ ಎಂದು ಬಂತು. ಪಂಚಾಂಗ ತೆರೆದರು. ಅಶ್ವಿನಿಯ ಗಡಿ 13 ಭಾಗೆ 20 ಕಲೆ. ಭಾಗೆ ಎಂದರೆ ಡಿಗ್ರಿಯೇ ಎಂಬಷ್ಟು ಜ್ಞಾನ ಅವರಿಗಿತ್ತು.

"ಐದು ಹೆಚ್ಚು! ಮಗಳು ಅಶ್ವಿನಿ ಅಲ್ಲ, ಭರಣಿ! ಹುಡುಗ ಪುಷ್ಯ. ಎರಡಕ್ಕೂ ಒಂದೇ ರಜ್ಜು, ಒಂದೇ ರಜ್ಜುವಿನವರು ಮದುವೆಯಾಗಕೂಡದು!" ಎಂದವರೇ ಹುಡುಗನ ತಂದೆ ವೆಂಕಟೇಶರಿಗೆ ಫೋನ್ ಮಾಡಿ ಸಂಬಂಧ ಬೇಡವೆಂದುಬಿಟ್ಟರು. ಸೌಪರ್ಣಿಕಾ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಒಳಗಿಂದ ಮೂಗು ಸೀಟುವ ಸದ್ದು ಬರತೊಡಗಿತು.

ಅದನ್ನು ಕೇಳಿ ಹೆಂಡತಿ ಶ್ರೀವಾಣಿ ಧಾವಿಸಿದರು. "ಏಮಂಡೀ ಆಡಿಟರ್ ಗಾರೂ, ಹುಟ್ಟಿದಾಗಿಂದ ಅಶ್ವಿನಿ ಆಗಿದ್ದೋಳು ಇವತ್ತು ಭರಣಿ ಹೆಂಗಾದ್ಲು?"

"ಇಪ್ಪತ್ತಕ್ಕಿಂತ ಇಪ್ಪತ್ತೈದು ದೊಡ್ಡದು ಕಣೇ."

"ಒಂದು ಭಾಗೆಗೆ ಎಷ್ಟು ಕಲೆ?"

"ನೂರು."

"ಅಯ್ಯೋ ರಾಮಾ, ಅದು ರೂಪಾಯಿಗೆ ಪೈಸೆ! ಕಲೆ ಅರವತ್ತು ರೀ. ಮೊಬೈಲು ಹೇಳಿದ್ದು ಕಾಲು ಭಾಗೆ, ಅಂದ್ರೆ ಹದಿನೈದು ಕಲೆ. ಗಡಿಗೆ ಇನ್ನೂ ಐದು ಕಲೆ ಇದೆ. ಮಗಳು ಅಶ್ವಿನೀನೇ!"

ಊರಿನ ಸಮಸ್ತ ಅಂಗಡಿಗಳ ಲೆಕ್ಕ ತಿದ್ದಿದ ಮಹಾವೀರ ಚಂದ್ರನ ಮುಂದೆ ಮುಗ್ಗರಿಸಿದ್ದರು. ಬೆವರುತ್ತ ಮತ್ತೆ ಫೋನ್ ಮಾಡಿದರು.

"ಹೋದ ಜೀವ ಬಂತು ಸಾರ್," ಎಂದರು ವೆಂಕಟೇಶ. "ಇವನು ಊಟ ಬಿಟ್ಟು ಕೂತಿದ್ದ."

ಕೋಣೆಯ ಬಾಗಿಲು ತೆರೆಯಿತು. ಮಗಳು ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ಶ್ರೀರಾಮ್ ಅವರ ಕಣ್ಣೂ ತುಂಬಿತು.

"ನೀನಿಲ್ದಿದ್ರೆ ಏನು ಗತಿ ಕಣೇ! ನಿನ್ನನ್ನ ನನಗೆ ಕೂಡಿಸಿದ ನಕ್ಷತ್ರಗಳಿಗೆ ದೊಡ್ಡ ನಮಸ್ಕಾರ," ಎಂದು, ಅದೇ ಹುಮ್ಮಸ್ಸಿನಲ್ಲಿ ತಮ್ಮ ಹುಟ್ಟಿದ ವೇಳೆಯನ್ನೂ ಒತ್ತಿದರು. "ನೋಡು, 26.50. ಭರಣಿಯ ಗಡಿ 26 ಭಾಗೆ 40 ಕಲೆ. ದಾಟಿದೀನಿ, ಕೃತ್ತಿಕೆ. ನಮ್ಮಪ್ಪ ಲೆಕ್ಕ ಹಾಕಿದ್ದೂ ಹೀಗೇ."

"ಅರ್ಧ ಭಾಗೆಗೆ ಎಷ್ಟು ಕಲೆ ರೀ?"

"ಮೂ... ಮೂವತ್ತು."

"ಹಂಗಾದ್ರೆ ನೀವು ಭರಣಿ. ನಾನು ಪುಷ್ಯ."

ಶ್ರೀರಾಮ್ ಗೋಡೆಯ ಮೇಲಿದ್ದ ತಂದೆಯ ಫೋಟೋಗೆ ಭಕ್ತಿಯಿಂದ ಕೈಮುಗಿದರು. "ಅಪ್ಪ ಸರಿಯಾಗಿ ಲೆಕ್ಕ ಹಾಕಿದ್ದಿದ್ರೆ ನೀನು ಸಿಕ್ತಾನೇ ಇರ್ಲಿಲ್ಲ ಕಣೇ."

"ಅಂತೂ ಇಷ್ಟು ವರ್ಷ ಹೊಂದಿಕೊಂಡು ಬಂದಿದ್ದು ನಕ್ಷತ್ರ ಅಲ್ಲ ಅನ್ನಿ. ನಾನು."

ಆಡಿಟರ್ ಅಡುಗೆಮನೆಗೆ ಹೋಗಿ, ಮದುವೆಯಾದಾಗಿನಿಂದ ಮೊದಲ ಬಾರಿಗೆ, ಹುರುಳಿಕಾಯಿ ಹೆಚ್ಚಲು ಕುಳಿತರು. ಒಂದೊಂದು ತುಂಡೂ ಹೆಬ್ಬೆರಳಿನಷ್ಟಾಯಿತು. ಶ್ರೀವಾಣಿ ನೋಡಿದರು, ನಿಟ್ಟುಸಿರುಬಿಟ್ಟು ಅವನ್ನೇ ಒಗ್ಗರಣೆಗೆ ಹಾಕಿದರು.