ಅಟ್ಟದ ಮೇಲೊಂದು ಸೋಮವಾರ

ನಮ್ಮ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದ ಪಾದ್ರಿಗಳು ಹತ್ತು ಆಜ್ಞೆಗಳಲ್ಲಿ ಒಂಬತ್ತನ್ನು ಕಣ್ಣಿಗೊತ್ತಿಕೊಂಡು ಪಾಲಿಸುತ್ತಿದ್ದರು. ಉಳಿದ ಒಂದನ್ನು ಮಾತ್ರ ವಾರವಾರವೂ, ಹಾಡಹಗಲೇ, ನಮ್ಮೆಲ್ಲರ ಕಣ್ಣೆದುರಿಗೇ ಮುರಿಯುತ್ತಿದ್ದರು! ಗಾಬರಿಯಾಗಬೇಡಿ. ಕದಿಯಲಿಲ್ಲ, ಸುಳ್ಳು ಹೇಳಲಿಲ್ಲ. ವಾರಕ್ಕೊಂದು ದಿನ ಸುಮ್ಮನೆ ಕೂರು ಎಂದು ದೇವರೇ ಹೇಳಿದ್ದರೂ ಆ ಮಹಾನುಭಾವರು ಕೂರುತ್ತಿರಲಿಲ್ಲ, ಅಷ್ಟೆ.

ಎಪ್ಪತ್ತರ ದಶಕದ ಮಾತು. ಅವರ ಸಭೆಗೆ ಸೇರಿದ್ದು ತಿಪಟೂರಿನಲ್ಲಿ ಹನ್ನೊಂದು ಮನೆ, ತುರುವೇಕೆರೆಯಲ್ಲಿ ನಾಲ್ಕು, ಚಿಕ್ಕನಾಯಕನಹಳ್ಳಿಯಲ್ಲಿ ಮೂರು. ಹದಿನೆಂಟು ಮನೆಗೆ ಒಬ್ಬ ಮನುಷ್ಯ ಸಾಲದೆ? ಸಾಲುತ್ತಿತ್ತು, 'ಆಗಲ್ಲ' ಎನ್ನುವ ಮಾತು ಅವರ ಬಾಯಲ್ಲಿ ಬರುವಂತಿದ್ದರೆ! ಭಾನುವಾರ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ಮೂರು ಊರಲ್ಲಿ ಮೂರು ಆರಾಧನೆ. ಉಳಿದ ದಿನ ಯಾವ ಜಾತಿಯವರು ಕರೆದರೂ ಓಟ. ಅರ್ಜಿ ಬರೆಯಲು ಅವರೇ, ಗಂಡಹೆಂಡಿರ ಜಗಳ ಬಿಡಿಸಲು ಅವರೇ. ಒಮ್ಮೆ ಬಿಳಿಗೆರೆಯ ರೈತನೊಬ್ಬ ಬೆಳಿಗ್ಗೆಯೇ ಬಂದು ನಿಂತ.

"ಅಯ್ಯನೋರೆ, ಹಸ ಈಯಕ್ಕೆ ಒದ್ದಾಡ್ತೈತೆ, ಬನ್ನಿ."

"ನಾನು ದನದ ಡಾಕ್ಟರಲ್ಲಪ್ಪ."

"ಡಾಕ್ಟ್ರು ಸಿಗ್ಲಿಲ್ಲ ಕಣ್ರೀ, ಅದ್ಕೇ ನಿಮ್ಮತ್ರ ಬಂದೆ. ಒಂದು ಪ್ರಾರ್ಥನೆ ಹೇಳ್ಬುಡಿ, ಸಾಕು."

ಹೋದರು. ಹಸು ಈಯಿತು. ಹೆಣ್ಣುಕರು ಬೇರೆ! ಅಂದಿನಿಂದ ಬಿಳಿಗೆರೆಯ ಗಬ್ಬದ ಹಸುಗಳೆಲ್ಲ ಅವರ ಸಭೆಯ ಸದಸ್ಯರಾದವು.

ಅವರ ಉಪಕಾರದಿಂದ ನಾವೂ ತಪ್ಪಿಸಿಕೊಳ್ಳಲಾಗಲಿಲ್ಲ. ನಮ್ಮ ಕಡೆ ಅಟ್ಟಕ್ಕೆ ಹಾಕಿದ ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ನೆರಳಲ್ಲಿ ನೀರು ತಾನಾಗಿಯೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಗುಂಡಗೆ ಅಲ್ಲಾಡಬೇಕು. ಮೈಸೂರು ಕಡೆಯ ಈ ಬ್ರಹ್ಮಚಾರಿಗೆ ಇದೆಲ್ಲ ಏನು ಗೊತ್ತು? ನಮ್ಮವ್ವ ದಬ್ಬೇಘಟ್ಟದ ನಂಟರ ಮನೆಗೆ ಹೋಗಿದ್ದ ದಿನ, ಗಂಡನಿಲ್ಲದ ಹೆಂಗಸು, ಪಾಪ, ಆಕೆಯ ಕಾಯಿ ಬೇಗ ಒಣಗಲಿ ಎಂದು ಇನ್ನೂರನ್ನು ಇಳಿಸಿ ಅಂಗಳದ ಬಿಸಿಲಿಗೆ ಹರಡಿಬಿಟ್ಟರು!

"ಅಯ್ಯೋ ಶಿವನೇ! ಬಿಸ್ಲಿಗೆ ಚಿಪ್ಪು ಸೀಳ್ತೈತೆ, ಕೊಬ್ರಿ ಕೆಡ್ತೈತೆ! ಯಾರ್ ಹೇಳಿದ್ದು ನಿಮ್ಗೆ?" ಎಂದು ಅವ್ವ ಎದೆ ಬಡಿದುಕೊಂಡಳು.

"ಸುಮ್ಮನೆ ಬಿದ್ದಿದ್ದವಲ್ಲಮ್ಮ..."

"ಸುಮ್ನೆ ಬಿದ್ದಿರೋದೇ ಅವುಗಳ ಕೆಲ್ಸ ಕಣ್ರೀ!"

ಆ ಇನ್ನೂರನ್ನೂ ಮತ್ತೆ ಅಟ್ಟಕ್ಕೆ ಹೊತ್ತವರು ಅವರೇ.

ಆ ವರ್ಷ ಕ್ರಿಸ್‌ಮಸ್ ಆರಾಧನೆಗೆ ನನ್ನನ್ನೂ ಕರೆದಿದ್ದರು. ಹದಿನೈದು ದಿನದಿಂದ ಅವರ ಸೈಕಲ್ಲು ನಿಂತಿರಲಿಲ್ಲ. "ಕಣ್ಣು ಮುಚ್ಚಿ ಪ್ರಾರ್ಥಿಸೋಣ" ಎಂದರು. ಮುಚ್ಚಿದೆವು. ಐದು ನಿಮಿಷವಾಯಿತು, ಹತ್ತಾಯಿತು, ಆಮೆನ್ ಬರಲೊಲ್ಲದು! ನಾನು ಒಂದು ಕಣ್ಣು ಬಿಟ್ಟು ನೋಡಿದರೆ, ಪೀಠ ಹಿಡಿದುಕೊಂಡು ನಿಂತಲ್ಲೇ ನಿದ್ದೆ ಹೋಗಿದ್ದಾರೆ. ಕೊನೆಗೆ ಹಿರಿಯರೊಬ್ಬರು ಗಟ್ಟಿಯಾಗಿ "ಆಮೆನ್" ಅಂದಾಗ ಬೆಚ್ಚಿ ಎದ್ದರು. ಹೊರಗೆ ಬಂದ ಮುದುಕಿಯೊಬ್ಬಳು, "ಇಂಥಾ ಮೌನ ಪ್ರಾರ್ಥನೆ ನಾನು ಜಲ್ಮದಾಗೇ ಕಂಡಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು. ಮನೆಗೆ ಬಂದು ಅವ್ವನಿಗೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವ್ವ ನಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಅಯ್ಯನವರು ಜಗುಲಿಯ ಮುಂದೆ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತರು. ನಿಂತೇ ಇದ್ದರು. ಸ್ಟ್ಯಾಂಡು ತೆಗೆಯಲಿಲ್ಲ, ಹತ್ತಲಿಲ್ಲ. ಅವ್ವ ಹತ್ತಿರ ಹೋದಳು.

"ಅಮ್ಮ, ಎಲ್ಲಿಗೆ ಹೊರಟಿದ್ದೆ ಅನ್ನೋದೇ ಮರೆತುಹೋಯ್ತು" ಎಂದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಈ ಸೇವೆ ಇನ್ನು ನನ್ನಿಂದಾಗದು, ಬಿಡಿಸಿಬಿಡಿ ಎಂದು ಮೇಲಿನವರಿಗೆ ಬರೆದಿದ್ದರು. "ಸ್ಕೂಲಿಗೆ ಹೋಗ್ತಾ ಪೋಸ್ಟ್ ಮಾಡ್ತೀರಾ ಮೇಷ್ಟ್ರೆ?"

ನಾನು ಓದಿ ಹೇಳುತ್ತಲೇ ಅವ್ವ ಅದನ್ನು ಕಿತ್ತುಕೊಂಡಳು. "ಇದು ಅಟ್ಟದ ಮೇಲಿರ್ಲಿ. ಕಾಯಿ ಇಳಿಸೋವಾಗ ನೋಡಾನ. ನೀವೂ ಹತ್ತಿ ಮಲೀಕಳಿ."

"ಇವತ್ತು ನಾಲ್ಕು ಕಡೆ ಹೋಗ್ಬೇಕಮ್ಮ."

"ಸೋಮ್ವಾರ ನಮ್ಮ ಎತ್ಗೂ ನೊಗ ಹಾಕಲ್ಲ. ನೀವೇನು ಬಸವಣ್ಣಂಗಿಂತ ಹೆಚ್ಚಾ?"

ಅಯ್ಯನವರು ಬೆಪ್ಪಾಗಿ ನೋಡಿದರು. ಅವರು ಮುರಿಯುತ್ತಿದ್ದ ಆ ಆಜ್ಞೆಯಲ್ಲಿ ಎತ್ತಿಗೂ ರಜೆ ಎಂದೇ ಬರೆದಿದೆಯಂತೆ! ಎಷ್ಟೋ ಸಲ ಸಭೆಗೆ ಓದಿ ಹೇಳಿದ್ದರಂತೆ! ತೆಪ್ಪಗೆ ಹತ್ತಿದರು. ಅವ್ವ ಏಣಿ ತೆಗೆದುಬಿಟ್ಟಳು.

ಅರ್ಧ ಗಂಟೆಯಲ್ಲೇ ಹಾಲ್ಕುರಿಕೆಯಿಂದ ಒಬ್ಬ ಬಂದ.

"ಅಯ್ಯನೋರು ಅವ್ರಾ?"

"ನಾಳೆ ಬಾ."

"ಅರ್ಜೆಂಟು ಕಣವ್ವ."

"ಯಾರಾರ ಸತ್ರಾ?"

"ಇಲ್ಲ, ಅರ್ಜಿ ಬರಸ್ಬೇಕಿತ್ತು."

"ಹಂಗಾರೆ ನಾಳೆ ಬಾ."

ಅಟ್ಟದಿಂದ ದನಿ ಬಂತು: "ಯಾರಮ್ಮ ಅದು? ಬಂದೆ, ತಾಳಿ!"

"ನೀವು ಸುಮ್ಕಿರಿ! ಅಟ್ಟಕ್ಕಾಕಿದ್ ಕಾಯಿ ಮಾತಾಡ್ತವಾ?"

ಹೀಗೆ ಪ್ರತಿ ಸೋಮವಾರವೂ ನಡೆಯಿತು. ಮೊದಮೊದಲು ಮೇಲೆ ಹೊರಳಾಟ ಕೇಳುತ್ತಿತ್ತು, ಬರಬರುತ್ತಾ ಗೊರಕೆ. ಲೋಕವೇನೂ ಮುಳುಗಲಿಲ್ಲ. ಅರ್ಜಿಯವರು ಮಂಗಳವಾರ ಬಂದರು. ಬಿಳಿಗೆರೆಯ ಹಸುಗಳು ತಮ್ಮಷ್ಟಕ್ಕೆ ತಾವೇ ಈದವು! ವರ್ಷ ತುಂಬುವ ಹೊತ್ತಿಗೆ ಕಾಯಿ ಇಳಿಸಿದಾಗ ಆ ಕಾಗದವನ್ನು ಇಲಿ ಕಡಿದು ಚೂರುಚೂರು ಮಾಡಿತ್ತು. ಅಯ್ಯನವರು ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದರು. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ ಮಗುವಿನಂತೆ ನಕ್ಕರು.

ಮುಂದಿನ ಸೋಮವಾರ ಅವರು ಮಲಗಲು ಹತ್ತಲಿಲ್ಲ. ಖಾಲಿ ಅಟ್ಟದಲ್ಲಿ ಚಾಪೆ ಹಾಸಿ, ಏಣಿ ಇಟ್ಟು, ಅವ್ವನನ್ನು ಕರೆದರು.

"ಇವತ್ತು ನೀವು ಹತ್ತಿ ಅಮ್ಮ."

"ಅಯ್ಯ, ಬುಡಿ ಅಯ್ಯನೋರೆ! ಕಸ ಮುಸುರೆ, ದನಕ್ಕೆ ನೀರು, ತೋಟ... ಯಾರ್ ಮಾಡ್ತಾರೆ?"

"ನಾವಿಬ್ಬರು ಗಂಡಸರಿಲ್ಲವೆ? ನೀವೇನು ಬಸವಣ್ಣನಿಗಿಂತ ಹೆಚ್ಚಾ?"

ಅವ್ವ ಸೆರಗು ಬಾಯಿಗಿಟ್ಟು ನಗುತ್ತಲೇ ಹತ್ತಿದಳು. ಅಯ್ಯನವರು ಏಣಿ ತೆಗೆದು ಜಗುಲಿಯ ಮೇಲೆ ಕಾವಲು ಕೂತರು. ಬಂದವರಿಗೆಲ್ಲ "ಇವತ್ತು ಆಗಲ್ಲ, ನಾಳೆ ಬನ್ನಿ" ಎಂದರು. ಆ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಮಧ್ಯಾಹ್ನ, ಅವತ್ತು ಸ್ಕೂಲಿಗೆ ರಜೆ ಹಾಕಿದ್ದ ನಾನೇ ಮಾಡಿ ಸೀಯಿಸಿದ ಉಪ್ಪಿಟ್ಟು ಹಿಡಿದು, ಏಣಿ ಇಟ್ಟು ಹತ್ತಿದೆ. ಅವ್ವ ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡು ಮಲಗಿದ್ದಳು, ಬಾಯಿ ತುಸು ತೆರೆದಿತ್ತು. ನನಗೆ ಆಗ ಇಪ್ಪತ್ತಾರು ವರ್ಷ. ಹಗಲಲ್ಲಿ ಅವ್ವ ನಿದ್ದೆ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಪ್ರತಿ ಸೋಮವಾರ ಎತ್ತುಗಳನ್ನು ನೆರಳಿಗೆ ಕಟ್ಟುತ್ತಿದ್ದವನು ನಾನೇ. ಅಟ್ಟ ನಮ್ಮದು, ಏಣಿ ನಮ್ಮದು. ಅವ್ವನಿಗೂ ಒಂದು ಸೋಮವಾರ ಬೇಕೆಂದು ಹೊಳೆಯಲು ಎಲ್ಲಿಂದಲೋ ಒಬ್ಬ ಪಾದ್ರಿ ಬರಬೇಕಾಯಿತೆ?

ತಟ್ಟೆ ಹಿಡಿದುಕೊಂಡೇ ಕೆಳಗಿಳಿದೆ. ಈ ಸಲ ಏಣಿಯನ್ನು ನಾನೇ ತೆಗೆದಿಟ್ಟೆ.