ಡಾಕ್ಟರಮ್ಮನ ಕೋಟಿನ ಗುಂಡಿ

ಎಲ್ಲಕ್ಕೂ ಕಾರಣ ಒಂದು ಗುಂಡಿ. ಬಾಂದ್ರಾದ ಆಸ್ಪತ್ರೆಯಲ್ಲಿ ಡಾಕ್ಟರ್ ಸುಪ್ರಜಾ ಅವರ ಬಿಳಿ ಕೋಟಿನಿಂದ ಅದು ಟಪ್ಪನೆ ಉದುರಿ, ಜೋಗೇಶ್ವರಿಯ ಟೇಲರ್ ಗುಡುಸಾಬನ ಕಾಲಬಳಿ ಬಿತ್ತು.

ಗುಡುಸಾಬ ಬಂದಿದ್ದು ತನ್ನ ಕೈಗಾಗಿ. ಚರ್ಮ ಬಿಗಿಯುವ ರೋಗ, ಸಿಸ್ಟಮಿಕ್ ಸ್ಕ್ಲೀರೋಸಿಸ್ ಅಂತ ಹೆಸರು. ಬೆರಳು ಒಣಕೊಬ್ಬರಿಯಂತೆ ಗಟ್ಟಿ. ಹೊಟ್ಟೆಯ ಕೊಬ್ಬು ತೆಗೆದು, ಅದರ ಜೀವಕೋಶ ಬೇರ್ಪಡಿಸಿ ಬೆರಳಿಗೆ ಚುಚ್ಚುವ ಹೊಸ ಪ್ರಯೋಗ ಅಲ್ಲಿ ನಡೆದಿತ್ತು. ಗುಣವಾಗುವ ಖಾತ್ರಿಯಿಲ್ಲ, ಆದರೂ ಇವನು ಅದನ್ನೇ ನೆಚ್ಚಿಕೊಂಡಿದ್ದ. ಆ ಪ್ರಯೋಗದಲ್ಲಿ ಉಳಿದದ್ದು ಒಂದೇ ಜಾಗ, ಅದೂ ಕೈ ಹೆಚ್ಚು ಕೆಟ್ಟವರಿಗೆ.

ಆರು ತಿಂಗಳಿಂದ ಅವನು ಸೂಜಿ ಹಿಡಿದಿರಲಿಲ್ಲ. ಅಂಗಡಿಯ ಪರದೆ ಹಿಂದೆ ಹೆಂಡತಿ ಗೌಹರ ಹೊಲಿಯುತ್ತಿದ್ದಳು. ಮುಂದೆ ಇವನು ಹೆಗಲಿಗೆ ಟೇಪು ಹಾಕಿಕೊಂಡು ಹೊಗಳಿಸಿಕೊಳ್ಳುತ್ತಿದ್ದ. ಅವರು ವಾಸವಿದ್ದ ಚಾಳಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಡಾಕ್ಟರು ಕೋಟು ಕುರ್ಚಿಗೆ ಹಾಕಿ ಒಳಗೆ ಹೋದರು. ಗುಡುಸಾಬನಿಗೆ ತಡೆಯಲಾಗಲಿಲ್ಲ; ಜೊತೆಗೆ ಬಂದಿದ್ದ ಹೆಂಡತಿಯತ್ತ ತಿರುಗಿದ.

"ಗೌಹರ, ಸೂಜಿ ಐತೇನ?"

"ನಿಮಗ್ಯಾಕ್ರಿ ಇಲ್ಲದ ಉಸಾಬರಿ?" ಎಂದು ಗೊಣಗುತ್ತಲೇ ಆಕೆ ಎರಡು ನಿಮಿಷದಲ್ಲಿ ಗುಂಡಿ ಹಚ್ಚಿ, ಚಹಾ ತರಲು ಕೆಳಗಿಳಿದಳು.

ಡಾಕ್ಟರು ಬಂದರು. "ಅಯ್ಯೋ, ಎಷ್ಟು ನೀಟಾಗಿದೆ! ಯಾರು ಹಾಕಿದ್ದು?"

"ನಾನs ರೀ ಮೇಡಂ." ಬಾಯಿಗೆ ಅದೇ ರೂಢಿ, ಮಾತು ಜಾರಿಬಿಟ್ಟಿತು.

"ಈ ಬೆರಳಲ್ಲೇ?"

ಜಾಗ ಕೈತಪ್ಪುತ್ತದೆಂದು ಗುಡುಸಾಬನಿಗೆ ಆಗ ಹೊಳೆಯಿತು. "ಅಲ್ಲಲ್ರಿ! ನನ್ನ ಹೇಂತಿ ಹಚ್ಚಿದ್ಲು. ಸುಳ್ಳ ಹೇಳಿದೆ."

ಅಷ್ಟರಲ್ಲಿ, ಇವರ ಜೊತೆ ಬಂದು ಕೇಸ್ ಪೇಪರ್ ಮಾಡಿಸಲು ಹೋಗಿದ್ದ, ಚಾಳಿನ ಪಕ್ಕದ ಖೋಲಿಯ ಶಿವಪುತ್ರಪ್ಪ ಮರಳಿದ. ಅವನು ಸುಮ್ಮನಿರಬೇಕಲ್ಲ! ಗೆಳೆಯನ ಮಾನ ಕಾಯಲು ಎದೆಯುಬ್ಬಿಸಿ ನಿಂತ.

"ಸಾಬಣ್ಣ ನಾಚಕೊಳ್ಳಾಕತ್ತಾನ್ರಿ ಮೇಡಂ. ಇಡೀ ಚಾಳಿನ ಬಟ್ಟಿ ಇವನs ಹೊಲಿಯೋದು. ಈ ಅಂಗಿ ನೋಡ್ರಿ, ಮೊನ್ನೆ ಹೊಲ್ದ ಕೊಟ್ಟಾನ!"

"ಏ ಮಾರಾಯಾ, ಬಾಯಿ ಮುಚ್ಚೋ!"

ಡಾಕ್ಟರು ಅಂಗಿಯ ಹೊಲಿಗೆ ನೋಡಿ ನಿಟ್ಟುಸಿರಿಟ್ಟರು. "ಜಾಗ ಹೋಗುತ್ತೆ ಅಂದ ತಕ್ಷಣ ಎಲ್ಲರೂ ಹೆಂಡ್ತಿ ಹೆಸರು ಹೇಳ್ತಾರೆ. ಚರ್ಮ ಗಟ್ಟಿಯಾಗಿದೆ, ನಿಜ. ಆದ್ರೆ ಇನ್ನೊಬ್ಬ ಪೇಶೆಂಟ್‌ಗೆ ಚಮಚ ಹಿಡಿಯೋಕೂ ಆಗ್ತಿಲ್ಲ. ಜಾಗ ಅವರಿಗೆ. ಬೇಜಾರ್ ಮಾಡ್ಕೋಬೇಡಿ, ನಮ್ಮ ವಾರ್ಡಿನ ನಲವತ್ತು ಕೋಟು ರಿಪೇರಿಗಿವೆ. ಅವನ್ನ ನಿಮಗೇ ಕೊಡ್ತೀನಿ."

ಗೌಹರ ಚಹಾ ಹಿಡಿದು ಬಂದಾಗ ಗಂಡನ ಎರಡೂ ತೋಳಿನ ತುಂಬ ಬಿಳಿ ಕೋಟು. ಅವನ ಕಣ್ಣು ತುಂಬಿತ್ತು.

"ಜಾಗ ಏನಾತ್ರಿ?"

ಶಿವಪುತ್ರಪ್ಪನೇ ಹಿಗ್ಗಿ ಹೇಳಿದ:

"ವೈನಿ, ನಾನಿದ್ದೆ ಅಂತ ಇಷ್ಟು ದೊಡ್ಡ ಆರ್ಡರ್ ಸಿಕ್ತು ನೋಡ್ರಿ!"